ಜರ್ಕ್ ಹೊಡೆಯುವ ಟ್ರೆಡ್‌ಮಿಲ್: ನಿಂತದ್ದು ಯಾವುದು?

ಮೇ ತಿಂಗಳಲ್ಲಿ ಕಲಬುರಗಿಯವರ ವಾಕಿಂಗ್ ಬೆಳಗ್ಗೆ ಆರರೊಳಗೆ ಮುಗಿಯಬೇಕು. ಏಳಕ್ಕೆಲ್ಲ ಅಪ್ಪನ ಕೆರೆಯ ದಂಡೆಯ ಮೇಲೂ ಬಿಸಿಲು ಬೆನ್ನು ಸುಡಲು ಶುರು ಮಾಡುತ್ತದೆ. ಮಧ್ಯಾಹ್ನ 43 ಡಿಗ್ರಿ ಮುಟ್ಟುವ ಊರಲ್ಲಿ, ರೊಟ್ಟಿ ಬಡಿದು, ಪಲ್ಯ ಮಾಡಿ, ನೀರು ತುಂಬಿಸಿಟ್ಟು ಹೊರಡುವಷ್ಟರಲ್ಲಿ ಹೊತ್ತು ಏರಿರುತ್ತದೆ. ಶುಗರ್ ಇರುವ ನನ್ನ ಹೆಂಡತಿಗೆ ದಿನಾ ಅರ್ಧ ಗಂಟೆ ನಡೆಯಲೇಬೇಕು ಅಂತ ಡಾಕ್ಟರು ಹೇಳಿದ್ದರು. ಹಾಗಾಗಿ ಮನೆಗೆ ಟ್ರೆಡ್‌ಮಿಲ್ ಬಂತು. ಎರಡು ಬೇಸಿಗೆ ಚೆನ್ನಾಗೇ ಓಡಿತು. ಮೂರನೇ ಬೇಸಿಗೆಯ ಒಂದು ರಾತ್ರಿ ಒಳಗಿಂದ ಕೂಗು ಕೇಳಿಸಿತು: "ಏನ್ರಿ, ಇದು ಜರ್ಕ್ ಹೊಡೀಲಿಕ್ಕತ್ತದ ನೋಡ್ರಿ. ಕಾಲಿಟ್ಟಾಗೊಮ್ಮೆ ಯಾರೋ ಪಟ್ಟಾ ಹಿಡಿದು ಬಿಟ್ಟಂಗ ಆಗ್ತದ."

ನಾನು ಹತ್ತರಲ್ಲಿ ಒಂಬತ್ತು ಜನ ಮಾಡುವ ಕೆಲಸವನ್ನೇ ಮಾಡಿದೆ. ಮಷೀನಿನ ಜೊತೆ ಬಂದಿದ್ದ ಎಲ್-ಕೀ ಹುಡುಕಿದೆ. ಹಿಂದಿನ ರೋಲರ್‌ನ ಎರಡೂ ಬೋಲ್ಟ್‌ಗಳನ್ನು ಒಂದೊಂದು ಸುತ್ತು ಬಿಗಿ ಮಾಡಿದೆ. ಎರಡು ದಿನ ಪರವಾಗಿಲ್ಲ ಅನ್ನಿಸಿತು. ಮೂರನೇ ದಿನ ಜರ್ಕ್ ಮೊದಲಿಗಿಂತ ಜಾಸ್ತಿ ಆಯಿತು, ಜೊತೆಗೆ ಬಿಸಿ ರಬ್ಬರಿನ ವಾಸನೆ. ಇನ್ನೊಂದು ಅರ್ಧ ಸುತ್ತು ಬಿಗಿ ಮಾಡಿದೆ. ಈ ಸಲ ಮಷೀನು ಹತ್ತು ನಿಮಿಷ ನಡೆದು ತಾನೇ ನಿಂತುಬಿಟ್ಟಿತು.

ಆಗ ಕಾಕಾನಿಗೆ ಫೋನ್ ಮಾಡಿದೆ. ಕಾಕಾ ದಾಲ್ ಮಿಲ್‌ನಲ್ಲಿ ಫಿಟರ್ ಆಗಿದ್ದವರು. ಇಲ್ಲಿನ ತೊಗರಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಅದಕ್ಕಿಂತ ಬಹಳ ಮೊದಲಿಂದಲೇ ಅದೇ ತೊಗರಿ ಒಡೆಯುವ ಮಷೀನುಗಳ ಪಟ್ಟಾ ಬದಲಿಸಿಕೊಂಡು ಬಂದವರು. ಟ್ರೆಡ್‌ಮಿಲ್ ಮೇಲೆ ಜನ್ಮದಲ್ಲಿ ಕಾಲಿಟ್ಟವರಲ್ಲ. ಬಂದವರು ಚಹಾ ಕೂಡ ಕುಡಿಯದೆ ಒಂದೇ ಪ್ರಶ್ನೆ ಕೇಳಿದರು: "ಜರ್ಕ್ ಹೊಡದಾಗ ನಿಂತದ್ದು ಯಾವುದು?"

ನನಗೆ ಅರ್ಥವಾಗಲಿಲ್ಲ. ಟ್ರೆಡ್‌ಮಿಲ್ ನಿಲ್ಲುತ್ತದೆ, ಅಷ್ಟೇ ಅಲ್ವಾ?

"ಅಲ್ಲೋ, ಅದರಾಗ ತಿರುಗೋದು ಮೂರು ಅದಾವ. ಮೂರರಾಗ ಯಾವುದು ನಿಂತದ ನೋಡಬೇಕು. ನೋಡದ ಬೋಲ್ಟ್ ಯಾಕ ಮುಟ್ಟಿದಿ?" ಅಂದವರೇ ಎಲ್-ಕೀ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

ಆ ಮೂರು ಯಾವುವು ಅಂದರೆ, ಮುಂದಿನ ಕವರ್ ಕೆಳಗೆ ಒಂದು ಮೋಟಾರ್. ಅದರಿಂದ ಒಂದು ಸಣ್ಣ ಗೀರು ಗೀರಿನ ರಬ್ಬರ್ ಪಟ್ಟಾ ಮುಂದಿನ ರೋಲರ್‌ನ ಪುಲ್ಲಿಗೆ ಹೋಗುತ್ತದೆ. ಆ ರೋಲರ್ ತಿರುಗಿದಾಗ ನಾವು ನಡೆಯುವ ಅಗಲ ಪಟ್ಟಾ ಅದರ ಜೊತೆ ಓಡುತ್ತದೆ. ಹಿಂದಿನ ರೋಲರ್ ಸುಮ್ನೆ ತಿರುಗುತ್ತದೆ, ಎಳೆಯುವ ಕೆಲಸ ಅದಕ್ಕಿಲ್ಲ. ಮೋಟಾರ್, ಮುಂದಿನ ರೋಲರ್, ನಡೆಯುವ ಪಟ್ಟಾ: ಇವು ಮೂರು. ಓಟ ಒಂದರಿಂದ ಇನ್ನೊಂದಕ್ಕೆ ದಾಟುವುದು ಬರೀ ಹಿಡಿತದ ಮೇಲೆ. ಹಲ್ಲು, ಚೈನು ಯಾವುದೂ ಇಲ್ಲ.

ಹಿಟ್ಟಿನ ಗಿರಣಿಯಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಜೋಳ ಒಮ್ಮೆಲೇ ಸುರಿದರೆ ಪಟ್ಟಾ 'ಚೀಂಯ್' ಅಂತ ಕೂಗುತ್ತದೆ. ಮೋಟಾರ್ ತಿರುಗುತ್ತಲೇ ಇರುತ್ತದೆ, ಕಲ್ಲು ನಿಧಾನವಾಗುತ್ತದೆ. ಅದು ಪಟ್ಟಾ ಜಾರಿದ್ದು. ಇನ್ನು ಕೆಲವು ಸಲ ಪಟ್ಟಾ ಕೂಗುವುದಿಲ್ಲ, ಮೋಟಾರಿನ ದನಿಯೇ 'ಗೂಂ...' ಅಂತ ಕೆಳಗಿಳಿಯುತ್ತದೆ, ಗಿರಣಿಯವನು ಓಡಿ ಬಂದು ಜೋಳದ ಬಾಯಿ ಮುಚ್ಚುತ್ತಾನೆ. ಅದು ಜಾರಿದ್ದಲ್ಲ, ಭಾರ ತಡೆಯದೆ ಮೋಟಾರ್ ಕುಸಿದದ್ದು. ಟ್ರೆಡ್‌ಮಿಲ್‌ನ ಜರ್ಕ್ ಕೂಡ ಹೆಚ್ಚುಕಡಿಮೆ ಈ ಎರಡರಲ್ಲಿ ಒಂದು. ಜಾರಿದ್ದಕ್ಕೆ ಬಿಗಿ ಮಾಡುವುದು ಮದ್ದು. ಕುಸಿದದ್ದಕ್ಕೆ ಅದೇ ಬಿಗಿ ವಿಷ. ಪಟ್ಟಾ ಬಿಗಿಯಾದಷ್ಟೂ ರೋಲರ್‌ನ ಬೇರಿಂಗ್ ಮೇಲೆ ಒತ್ತಡ ಜಾಸ್ತಿ, ಮೋಟಾರಿಗೆ ಭಾರ ಜಾಸ್ತಿ. ನಾನು ಮಾಡಿದ್ದು ಅದನ್ನೇ.

ಕಾಕಾ ನೋಡಿದ ರೀತಿ ಹೀಗೆ. ಮೊದಲು ಪ್ಲಗ್ ಕಿತ್ತರು, ಹತ್ತು ನಿಮಿಷ ಬಿಟ್ಟು ಕವರ್ ತೆಗೆದರು. ಈ ಹತ್ತು ನಿಮಿಷ ಸುಮ್ನೆ ಅಲ್ಲ. ಒಳಗಿನ ಬೋರ್ಡ್ 230 ವೋಲ್ಟ್ ಎಸಿ ಕರೆಂಟನ್ನು ಡಿಸಿ ಮಾಡುತ್ತದೆ. ಆಗ ಅಲ್ಲಿನ, ಕರೆಂಟ್ ಕೂಡಿಟ್ಟುಕೊಳ್ಳುವ ದಪ್ಪ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಬೋರ್ಡಿಗೆ ಬೆರಳು ತಾಗಿಸುವ ಕೆಲಸ ನಮ್ಮದಲ್ಲ.

ಆಮೇಲೆ ಮಗಳ ಸ್ಲೇಟಿನ ಬಳಪ ಇಸಿದುಕೊಂಡರು. ಮೋಟಾರಿನ ಪಕ್ಕದ ಭಾರದ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಒಂದು ಗೆರೆ. ರೋಲರ್‌ನ ಪುಲ್ಲಿ ಮತ್ತು ರೋಲರ್‌ನ ತುದಿ ಎರಡಕ್ಕೂ ಸೇರಿಸಿ ಒಂದು ಉದ್ದ ಗೆರೆ. ನಡೆಯುವ ಪಟ್ಟಾದ ಅಂಚಿಗೆ ಒಂದು ಗೆರೆ. ಕವರ್ ತೆಗೆದಿಟ್ಟುಕೊಂಡೇ, ಮಕ್ಕಳನ್ನು ಹೊರಗೆ ಕಳಿಸಿ, ನಾನು ಕಂಬಿ ಹಿಡಿದು 2 ಕಿ.ಮೀ. ವೇಗದಲ್ಲಿ ಹಿಮ್ಮಡಿ ಒತ್ತಿ ಒತ್ತಿ ನಡೆದೆ. ಕಾಕಾ ಎರಡು ಮಾರು ದೂರ ಕೂತು ಟಾರ್ಚ್ ಬಿಟ್ಟು ನೋಡಿದರು. ದೂರ ಕೂತದ್ದಕ್ಕೆ ಕಾರಣ ಇದೆ. ತಿರುಗುವ ಪಟ್ಟಾ ಹತ್ತಿರ ಸೆರಗು, ದುಪ್ಪಟ್ಟಾ, ಪಂಚೆಯ ಚುಂಗು, ಯಾವುದೂ ಹೋಗಬಾರದು. ಮಿಲ್‌ನಲ್ಲಿ ಬೆರಳು ಕಳಕೊಂಡವರನ್ನು ಕಂಡವರು ಅವರು.

ಕಾಲು ಊರಿದಾಗ ನಡೆಯುವ ಪಟ್ಟಾ ತಡೆದು, ಮುಂದಿನ ರೋಲರ್ ತಿರುಗುತ್ತಲೇ ಇದ್ದರೆ ನಡೆಯುವ ಪಟ್ಟಾ ಸಡಿಲ. ರೋಲರ್ ಕೂಡ ನಿಂತು ಮೋಟಾರ್ ಮಾತ್ರ ತಿರುಗುತ್ತಿದ್ದರೆ ಒಳಗಿನ ಸಣ್ಣ ಪಟ್ಟಾ ಜಾರುತ್ತಿದೆ. ಪುಲ್ಲಿ ಮತ್ತು ರೋಲರ್‌ಗೆ ಸೇರಿಸಿ ಎಳೆದ ಗೆರೆ ಎರಡು ತುಂಡಾಗಿದ್ದರೆ, ರೋಲರ್ ಮೇಲೆ ಕೂತಿರುವ ಪುಲ್ಲಿಯೇ ಕಳಚಿಕೊಂಡು ಸುಮ್ನೆ ತಿರುಗುತ್ತಿದೆ ಅಂತ. ಇದು ಕಣ್ಣಿಗೆ ಬೀಳದ ಕಳ್ಳ ರೋಗ. ಬಳಪದ ಗೆರೆ ಇಲ್ಲದಿದ್ದರೆ ಎಂಥ ಮೆಕ್ಯಾನಿಕ್ ಕೂಡ ಅರ್ಧ ದಿನ ತಲೆ ಕೆಡಿಸಿಕೊಳ್ಳಬೇಕು. ಮೂರೂ ಒಟ್ಟಿಗೆ ಕುಗ್ಗಿದರೆ ಜಾರಿಕೆಯ ಮಾತೇ ಇಲ್ಲ. ಭಾರ ಜಾಸ್ತಿ ಆಗಿದೆ, ಇಲ್ಲಾ ಮೋಟಾರಿಗೆ ಕರೆಂಟ್ ಸರಿಯಾಗಿ ಹೋಗುತ್ತಿಲ್ಲ.

ಕವರ್ ತೆಗೆಯುವ ಧೈರ್ಯ ಇಲ್ಲದವರಿಗೆ ಕಿವಿ ಇದೆ. ಪಟ್ಟಾ ತಡೆದಾಗಲೂ ಮೋಟಾರಿನ ದನಿ ಒಂದೇ ಸಮ ಇದ್ದರೆ ಜಾರುತ್ತಿದೆ. ದನಿಯೂ ಜೊತೆಗೇ ಇಳಿದು ಏರುತ್ತಿದ್ದರೆ ಕುಸಿಯುತ್ತಿದೆ.

ನಮ್ಮದರಲ್ಲಿ ಮೂರೂ ಒಟ್ಟಿಗೆ ಕುಗ್ಗುತ್ತಿದ್ದವು. ಕಾಕಾ ಮಷೀನು ನಿಲ್ಲಿಸಿ, ಪ್ಲಗ್ ಕಿತ್ತು, ನಡೆಯುವ ಪಟ್ಟಾ ಕೆಳಗೆ ಕೈ ತೂರಿಸಿ, ಅದು ಉಜ್ಜಿಕೊಂಡು ಓಡುವ ಹಲಗೆ ಸವರಿದರು. ಕೈ ಹೊರಗೆ ತೆಗೆದು ನನಗೆ ತೋರಿಸಿದರು. ಬೆರಳಿಗೆ ಎಣ್ಣೆ ಪಸೆ ಒಂಚೂರೂ ಇಲ್ಲ. ಬೂದು ಬಣ್ಣದ ನುಣ್ಣನೆ ಪುಡಿ. ಅರ್ಧ ನಮ್ಮೂರ ಧೂಳು, ಇನ್ನರ್ಧ ತೇಯ್ದ ಪಟ್ಟಾ.

ಈ ಒಣ ಹಲಗೆ ಎಷ್ಟು ಭಾರ ಹೊರಿಸುತ್ತದೆ ಅಂತ ಒಂದು ಲೆಕ್ಕ ಹಾಕೋಣ. 70 ಕೆಜಿ ತೂಕದವರು ಪಟ್ಟಾ ಮೇಲೆ ನಿಂತಿದ್ದಾರೆ ಅಂದುಕೊಳ್ಳಿ. ಹಲಗೆಗೂ ಪಟ್ಟಾಕ್ಕೂ ನಡುವಿನ ತಿಕ್ಕಾಟ ತೂಕದ ಐದನೇ ಒಂದು ಭಾಗ ಇದ್ದರೆ, ಅವರನ್ನು ಹೊತ್ತ ಪಟ್ಟಾ ಎಳೆಯಲು 14 ಕೆಜಿ ಭಾರ ಎತ್ತುವಷ್ಟು ಬಲ ಬೇಕು. ಎಣ್ಣೆ ಆರಿ ತಿಕ್ಕಾಟ ಎರಡರಷ್ಟಾದರೆ 28 ಕೆಜಿ. ಗಂಟೆಗೆ 4 ಕಿ.ಮೀ. ವೇಗದಲ್ಲಿ ಮೊದಲನೆಯದಕ್ಕೆ ಸುಮಾರು 150 ವಾಟ್, ಎರಡನೆಯದಕ್ಕೆ 300 ವಾಟ್. ಅದೂ ಸುಮ್ನೆ ನಿಂತಾಗ. ನಡೆಯುವಾಗ ಕಾಲು ಬೀಳುವ ಹೊತ್ತಿಗೆ ಹಲಗೆ ಮೇಲೆ ಬೀಳುವುದು ತೂಕಕ್ಕಿಂತ ಸ್ವಲ್ಪ ಜಾಸ್ತಿ, ಓಡುವಾಗ ತೂಕದ ಎರಡು ಪಟ್ಟಿಗೂ ಜಾಸ್ತಿ. ಜೊತೆಗೆ ಹಿಮ್ಮಡಿ ಊರುವ ಕ್ಷಣದಲ್ಲಿ ನಮ್ಮ ಕಾಲು ಪಟ್ಟಾವನ್ನು ಮುಂದಕ್ಕೆ ನೂಕುತ್ತದೆ, ಅಂದರೆ ಬ್ರೇಕ್ ಹಾಕುತ್ತದೆ. ಮುಂಗಾಲಿನಿಂದ ಒದೆಯುವಾಗ ಹಿಂದಕ್ಕೆ ನೂಕಿ ಸಹಾಯ ಮಾಡುತ್ತದೆ. ಹೀಗೆ ಪ್ರತಿ ಹೆಜ್ಜೆಗೂ ಮೋಟಾರಿಗೆ ಒಂದು ಏಟು, ಒಂದು ಬಿಡುವು. ಮಷೀನು ಸರಿ ಇದ್ದಾಗ ಇದು ಗೊತ್ತೇ ಆಗುವುದಿಲ್ಲ. ಹಲಗೆ ಒಣಗಿದಾಗ ಪ್ರತಿ ಏಟೂ ಗೊತ್ತಾಗುತ್ತದೆ.

ಗೊತ್ತಾಗದಂತೆ ನೋಡಿಕೊಳ್ಳುವುದು ಮೋಟಾರಿನ ಪಕ್ಕದ ಫ್ಲೈವೀಲ್ ಅನ್ನುವ ಭಾರದ ಚಕ್ರ. ತಿರುಗುವಾಗ ಅದು ಓಟವನ್ನು ಕೂಡಿಟ್ಟುಕೊಂಡಿರುತ್ತದೆ, ಕಾಲು ಬಿದ್ದಾಗ ಅದರಿಂದ ಸ್ವಲ್ಪ ಕೊಡುತ್ತದೆ. ಆದರೆ ಕೂಡಿಟ್ಟದ್ದು ವೇಗದ ವರ್ಗದ ಲೆಕ್ಕದಲ್ಲಿ ಇರುತ್ತದೆ. ವೇಗ ಅರ್ಧ ಆದರೆ ಕೂಡಿಟ್ಟದ್ದು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ 8 ಕಿ.ಮೀ.ನಲ್ಲಿ ಓಡುವ ಮಗನಿಗೆ ಕಾಣದ ಜರ್ಕ್, 2 ಕಿ.ಮೀ.ನಲ್ಲಿ ನಡೆಯುವ ಅಜ್ಜಿಗೆ ಕಾಣುತ್ತದೆ. "ನಿನಗೆ ಭ್ರಮೆ, ನನಗೇನೂ ಆಗ್ತಿಲ್ಲ" ಅಂತ ಅಜ್ಜಿಗೆ ಹೇಳಬೇಡಿ. ಅಜ್ಜಿ ಹೇಳುವುದು ನಿಜ. ಇನ್ನೊಂದು ವಿಷಯ: ಅನೇಕ ಮಷೀನುಗಳಲ್ಲಿ ಮೋಟಾರನ್ನು ತಂಪು ಮಾಡುವ ಫ್ಯಾನ್ ಮೋಟಾರಿನ ಜೊತೆಗೇ ತಿರುಗುತ್ತದೆ. ನಿಧಾನ ನಡೆದರೆ ಗಾಳಿಯೂ ಕಡಿಮೆ. ಭಾರ ಜಾಸ್ತಿ, ಗಾಳಿ ಕಡಿಮೆ, ಮೇಲೆ ನಮ್ಮೂರ ಮೇ ತಿಂಗಳು. ಹತ್ತು ನಿಮಿಷಕ್ಕೆ ಬೋರ್ಡ್ ಬಿಸಿಯಾಗಿ ಕೈ ಎತ್ತಿದ್ದರಲ್ಲಿ ಆಶ್ಚರ್ಯ ಇಲ್ಲ.

ಇಲ್ಲಿ ಒಂದು ಮಜಾ ಇದೆ. ನಿಮ್ಮ ಮಷೀನಿಗೆ ಏರು ಮಾಡುವ ವ್ಯವಸ್ಥೆ ಇದ್ದರೆ, ಮುಂಭಾಗ ಎತ್ತರಿಸಿ ಅದೇ ವೇಗದಲ್ಲಿ ನಡೆದು ನೋಡಿ. ಏರು ಹತ್ತುವಾಗ ಮಷೀನಿಗೆ ಕಷ್ಟ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಷ್ಟ ಜಾಸ್ತಿ ಆಗುವುದು ನಡೆಯುವವರಿಗೆ, ಮೋಟಾರಿಗಲ್ಲ. ಇಳಿಜಾರಿನಲ್ಲಿ ನಿಂತವರ ತೂಕ ಪಟ್ಟಾವನ್ನು ಹಿಂದಕ್ಕೆ, ಅಂದರೆ ಅದು ಹೋಗುವ ದಿಕ್ಕಿಗೇ ನೂಕುತ್ತದೆ. ಶೇಕಡಾ 10ರ ಏರಿನಲ್ಲಿ 70 ಕೆಜಿಯವರು ಸುಮಾರು 7 ಕೆಜಿಯಷ್ಟು ಬಲವನ್ನು ಮೋಟಾರಿಗೆ ಪುಕ್ಕಟೆ ಕೊಡುತ್ತಾರೆ. ಹಾಗಾಗಿ ಏರು ಮಾಡಿದಾಗ ಜರ್ಕ್ ಕಡಿಮೆಯಾದರೆ, ಜರ್ಕ್‌ಗೂ ಭಾರಕ್ಕೂ ಸಂಬಂಧ ಇದೆ ಅಂತ, ತಿಕ್ಕಾಟದ ಮೇಲೆ ಅನುಮಾನ ಪಡಬಹುದು. ಆಸ್ಪತ್ರೆಯಲ್ಲಿ ಎದೆಗೆ ವೈರ್ ಅಂಟಿಸಿ, ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ (ಟಿಎಂಟಿ) ಮಾಡಿಸಿಕೊಂಡವರಿಗೆ ಗೊತ್ತಿರುತ್ತದೆ, ಅಲ್ಲಿ ಶುರುವಾಗುವುದೇ ನಿಧಾನ ಮತ್ತು ಏರು. ಅಮೆರಿಕದ ಸಿಯಾಟಲ್‌ನ ಡಾಕ್ಟರ್ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಮೊದಲ ಮೂರು ನಿಮಿಷ ಗಂಟೆಗೆ 2.7 ಕಿ.ಮೀ. ವೇಗ, ಶೇಕಡಾ 10ರ ಏರು. ಅವರು ಯೋಚಿಸಿದ್ದು ಹೃದಯದ ಬಗ್ಗೆ. ಮೋಟಾರಿಗೂ ಅದರಿಂದ ಲಾಭ ಆಗಿದೆ.

ಸರಿ, ಎಣ್ಣೆ. ಕಾಕಾ ಮೊದಲು ನಾನು ಬಿಗಿ ಮಾಡಿದ್ದನ್ನೆಲ್ಲ ಬಿಚ್ಚಿ ಮೊದಲಿನ ಜಾಗಕ್ಕೆ ತಂದರು. ಹಲಗೆಯ ನಡುಭಾಗದಲ್ಲಿ ಪಟ್ಟಾದ ಅಂಚನ್ನು ಬೆರಳಿಂದ ಎತ್ತಿದರೆ ಎರಡರಿಂದ ಮೂರು ಇಂಚು ಏಳಬೇಕು. ನಾನು ಬಿಗಿ ಮಾಡಿದಾಗ ಒಂದು ಇಂಚೂ ಏಳುತ್ತಿರಲಿಲ್ಲ. ಆಮೇಲೆ ಹಳೇ ಬನಿಯನ್ ಬಟ್ಟೆಯನ್ನು ಪಟ್ಟಾ ಕೆಳಗೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ತೂರಿಸಿ, ಇಬ್ಬರೂ ಎರಡು ಕಡೆ ಹಿಡಿದು ಮಜ್ಜಿಗೆ ಕಡೆದಂತೆ ಎಳೆದಾಡಿ ಧೂಳು ಒರೆಸಿದೆವು. ಬಟ್ಟೆ ಕರಿ ಮಣ್ಣಿನ ಹೊಲದಲ್ಲಿ ಬಿದ್ದಂತಿತ್ತು.

ಹಾಕಬೇಕಾದದ್ದು ಶುದ್ಧ ಸಿಲಿಕೋನ್ ಎಣ್ಣೆ. ಟ್ರೆಡ್‌ಮಿಲ್ ಎಣ್ಣೆ ಅಂತಲೇ ಸಿಗುತ್ತದೆ. ಹಲಗೆಯ ಮೇಲೆ, ಕಾಲು ಬೀಳುವ ಜಾಗದಲ್ಲಿ, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು. ಎಷ್ಟು, ಎಷ್ಟು ದಿನಕ್ಕೊಮ್ಮೆ ಅನ್ನುವುದು ಮಷೀನಿನ ಪುಸ್ತಕದಲ್ಲಿ ಇರುತ್ತದೆ. ನಮ್ಮ ಮಷೀನಿಗೆ ಸಾಮಾನ್ಯ ಎರಡು ಚಮಚ ಸಾಕು. ಕೆಲವು ಮಷೀನುಗಳ ಹಲಗೆಗೆ ಮೇಣ ಹಚ್ಚಿಯೇ ಕೊಟ್ಟಿರುತ್ತಾರೆ, ಅವಕ್ಕೆ ಎಣ್ಣೆ ಹಾಕಬಾರದು. ಪುಸ್ತಕ ನೋಡದೆ ಸುರಿಯಬೇಡಿ. ಅಡುಗೆಮನೆಯ ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆ, ಹೊಲಿಗೆ ಮಷೀನಿನ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವು ಯಾವುದೂ ಬೇಡ. ಅಡುಗೆ ಎಣ್ಣೆ ಸ್ವಲ್ಪ ದಿನಕ್ಕೆ ಅಂಟಾಗುತ್ತದೆ, ಅಂಟಿಗೆ ಧೂಳು ಕೂರುತ್ತದೆ. ಸ್ಪ್ರೇಯಂಥವು ಪಟ್ಟಾವನ್ನೂ ಹಲಗೆಯ ನುಣುಪನ್ನೂ ತಿನ್ನಬಹುದು. ಎಣ್ಣೆ ಜಾಸ್ತಿ ಆದರೂ ತೊಂದರೆಯೇ. ಹೆಚ್ಚಿನದು ಹರಿದು ಮುಂದಿನ ರೋಲರ್‌ಗೆ ಹತ್ತುತ್ತದೆ, ಆಗ ಹಿಡಿತ ಹೋಗಿ ಪಟ್ಟಾ ನಿಜವಾಗಿಯೂ ಜಾರಲು ಶುರು ಮಾಡುತ್ತದೆ. ಒಂದು ರೋಗಕ್ಕೆ ಮದ್ದು ಮಾಡಲು ಹೋಗಿ ಇನ್ನೊಂದು.

ಎಣ್ಣೆ ಹಾಕಿ, ಮೇಲೆ ಯಾರೂ ನಿಲ್ಲದೆ ಐದು ನಿಮಿಷ ಓಡಿಸಿದೆವು. ಹೆಂಡತಿಯನ್ನು ಕರೆದು ನಡೆಸಿದೆವು. "ಮುಕ್ಕಾಲು ಭಾಗ ಕಡಿಮಿ ಆಗ್ಯಾದ್ರಿ ಮಾವ. ಖರೇ ಪೂರಾ ಹೋಗಿಲ್ಲ," ಅಂದಳು.

ಆ ಉಳಿದ ಕಾಲು ಭಾಗ ಸಿಕ್ಕಿದ್ದು ಟ್ರೆಡ್‌ಮಿಲ್ ಒಳಗಲ್ಲ. ಕಾಕಾ ಹಾಗೇ ವೈರ್ ಹಿಡಿದುಕೊಂಡು ಹಿಂದಕ್ಕೆ ಹೋದರು. ಅದು ಕೂಲರ್ ಹಿಂದೆ ಇದ್ದ ಎಕ್ಸ್‌ಟೆನ್ಷನ್ ಬೋರ್ಡಿಗೆ ಹೋಗಿ ಮುಟ್ಟಿತು. ಒಂದೇ ಬೋರ್ಡಿನಲ್ಲಿ ಕೂಲರ್, ಟ್ರೆಡ್‌ಮಿಲ್, ಒಂದು ಮೊಬೈಲ್ ಚಾರ್ಜರ್. ವೈರ್ ಬಳೆ ಸುತ್ತಿದ ಹಾಗೆ ಸುತ್ತಿ ಇಟ್ಟಿದ್ದು. ಟ್ರೆಡ್‌ಮಿಲ್ ಪ್ಲಗ್ ಕಿತ್ತು ನನ್ನ ಅಂಗೈಗೆ ಇಟ್ಟರು. ಬಿಸಿ. ಒಂದು ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು.

2 ಎಚ್‌ಪಿ ಮೋಟಾರ್ ಅಂದರೆ ಸುಮಾರು 1500 ವಾಟ್. 230 ವೋಲ್ಟ್‌ನಲ್ಲಿ ಆರೂವರೆ ಆಂಪಿಯರ್. ನಾವು ಫ್ಯಾನು, ಟಿವಿ ಹಾಕುವ ಸಣ್ಣ ಸಾಕೆಟ್ ಇರುವುದು 6 ಆಂಪಿಯರ್‌ಗೆ. ಟ್ರೆಡ್‌ಮಿಲ್ ಯಾವಾಗಲೂ ಅಷ್ಟು ಎಳೆಯುವುದಿಲ್ಲ ನಿಜ, ಆದರೆ ಕಾಲು ಬಿದ್ದ ಕ್ಷಣಕ್ಕೆ ಎಳೆತ ಜಾಸ್ತಿಯಾಗುತ್ತದೆ. ತೆಳು ವೈರು, ಸಡಿಲ ಪಿನ್ನು ಇದ್ದರೆ ಆ ಕ್ಷಣಕ್ಕೆ ವೋಲ್ಟೇಜ್ ಬೀಳುತ್ತದೆ, ಮೋಟಾರ್ ಬಳಲುತ್ತದೆ, ಕಾಲು ಎತ್ತಿದಾಗ ಮತ್ತೆ ಏಳುತ್ತದೆ. ವೋಲ್ಟೇಜ್ ಅಳೆಯುವ ಮೀಟರ್ ಇದ್ದರೆ ಎಲೆಕ್ಟ್ರಿಷಿಯನ್ ಕೈಲಿ ಅದೇ ಬೋರ್ಡಿನ ಇನ್ನೊಂದು ಸಾಕೆಟ್‌ನಲ್ಲಿ ಇಡಿಸಿ, ಒಬ್ಬರು ನಡೆಯುವಾಗ ನೋಡಿ. ಖಾಲಿ ಇದ್ದಾಗ 225, ಹೆಜ್ಜೆ ಬಿದ್ದಾಗ 200ಕ್ಕೆ ಇಳಿಯುತ್ತಿದ್ದರೆ ದೋಷ ಮಷೀನಿನದಲ್ಲ, ಅದಕ್ಕೆ ಕರೆಂಟ್ ಬರುವ ದಾರಿಯದು. ಬೇಸಿಗೆ ರಾತ್ರಿ ಓಣಿಯ ಎಲ್ಲರ ಮನೆಯಲ್ಲೂ ಕೂಲರ್, ಎಸಿ ಓಡುವಾಗ ಮಾತ್ರ ಜರ್ಕ್, ಬೆಳಗಿನ ಜಾವ ಇಲ್ಲ ಅಂದರೂ ಸುಳಿವು ಅದೇ. ಸ್ಟೆಬಿಲೈಜರ್ ಹಾಕುವುದಾದರೆ ಮಷೀನಿನ ವಾಟ್ ನೋಡಿ ದೊಡ್ಡದೇ ಹಾಕಬೇಕು. ಟಿವಿಯದನ್ನು ಹಾಕಿದರೆ ಅದೇ ಇನ್ನೊಂದು ಅಡ್ಡಿ. ಮನೆಯ ಇನ್ವರ್ಟರ್ ಮೇಲಂತೂ ಓಡಿಸಲೇಬೇಡಿ.

ನಾವು ಗೋಡೆಯ 16 ಆಂಪಿಯರ್ ಸಾಕೆಟ್‌ಗೆ ನೇರ ಹಾಕಿಸಿದೆವು, ಹೊಸ ಪ್ಲಗ್, ಸರಿಯಾದ ಅರ್ಥಿಂಗ್. ಉಳಿದ ಕಾಲು ಭಾಗ ಜರ್ಕ್ ಅಲ್ಲಿಗೆ ಹೋಯಿತು. ಅರ್ಥಿಂಗ್ ಬರೀ ಶಾಕ್ ತಪ್ಪಿಸಲು ಅಲ್ಲ. ನಮ್ಮ ಕಡೆ ಚಳಿಗಾಲದ ಒಣ ಹವೆಯಲ್ಲಿ ಪಟ್ಟಾ ತಿಕ್ಕಿ ತಿಕ್ಕಿ ಸ್ಥಿರ ವಿದ್ಯುತ್ ತುಂಬಿಕೊಳ್ಳುತ್ತದೆ. ಕಂಬಿ ಮುಟ್ಟಿದಾಗ ಚುರ್ ಅಂದು, ಡಿಸ್‌ಪ್ಲೇ ಆರಿ ಹತ್ತಿ, ಮಷೀನು ಒಮ್ಮೆ ತಡವರಿಸುವುದುಂಟು.

ನಮ್ಮ ಕಥೆ ಅಲ್ಲಿಗೆ ಮುಗಿಯಿತು. ಆದರೆ ನಿಮ್ಮ ಮಷೀನಿನ ಜರ್ಕ್ ಕಾಲು ಬೀಳುವುದಕ್ಕೆ ಸಂಬಂಧವೇ ಇಲ್ಲದೆ ಬರಬಹುದು. ಅದಕ್ಕೆ ಮಷೀನನ್ನು ಖಾಲಿ ಓಡಿಸಿ, ಗಡಿಯಾರ ಹಿಡಿದು ಎಣಿಸಬೇಕು. ನನಗೆ ಇಡೀ ವಿಷಯದಲ್ಲಿ ಬಹಳ ಹಿಡಿಸಿದ್ದು ಈ ಎಣಿಕೆ.

ಗಂಟೆಗೆ 3 ಕಿ.ಮೀ. ಇಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 83 ಸೆಂ.ಮೀ. ಮನೆಯ ಟ್ರೆಡ್‌ಮಿಲ್‌ನ ಪಟ್ಟಾ ಪೂರ್ತಿ ಸುತ್ತಳತೆ 2.8 ಮೀಟರ್ ಆಜುಬಾಜು ಇದ್ದರೆ, ಒಂದು ಸುತ್ತು ಬರಲು ಮೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಬಳಪದ ಗೆರೆ ಬಂದಾಗೊಮ್ಮೆ, ಅಂದರೆ ಮೂರೂ ಚಿಲ್ಲರೆ ಸೆಕೆಂಡಿಗೊಮ್ಮೆ ತಡೆದರೆ, ತೊಂದರೆ ಪಟ್ಟಾದ ಒಂದೇ ಜಾಗದಲ್ಲಿದೆ. ಜೋಡಣೆ ಎದ್ದಿರಬಹುದು, ಕೆಳಗೆ ಏನೋ ಅಂಟಿರಬಹುದು, ಅಂಚು ಹರಿದಿರಬಹುದು. ರೋಲರ್ ಸುಮಾರು 5 ಸೆಂ.ಮೀ. ದಪ್ಪ ಇದ್ದರೆ ಅದೇ ವೇಗದಲ್ಲಿ ಸೆಕೆಂಡಿಗೆ ಐದು ಸುತ್ತು ತಿರುಗುತ್ತದೆ. 'ಟಕ ಟಕ ಟಕ' ಅಂತ ಸೆಕೆಂಡಿಗೆ ಐದು ಸಲ ನಡುಗಿದರೆ ರೋಲರ್ ಬೇರಿಂಗ್, ಪುಲ್ಲಿಯ ಸೀಳು ಇವುಗಳ ಕಡೆ ನೋಡಬೇಕು. ಹೆಜ್ಜೆಯ ಲೆಕ್ಕಕ್ಕೆ, ಅಂದರೆ ಸೆಕೆಂಡಿಗೆ ಒಂದೂವರೆ ಸಲ ಬಂದು, ಖಾಲಿ ಓಡುವಾಗ ಮಾಯವಾದರೆ ಮೇಲೆ ಹೇಳಿದ ಜಾರಿಕೆ, ತಿಕ್ಕಾಟ, ಕರೆಂಟ್ ಬೀಳುವ ಕಥೆಗಳಲ್ಲಿ ಒಂದು. ಯಾವ ತಾಳಕ್ಕೂ ಸಿಗದೆ, ಮನಸ್ಸು ಬಂದಾಗ ಏರುವುದು, ಮನಸ್ಸು ಬಂದಾಗ ಇಳಿಯುವುದು ಮಾಡಿದರೆ ವೈರಿನ ಅಥವಾ ಸೆನ್ಸರ್‌ನ ಕೆಲಸ.

ಸೆನ್ಸರ್ ಬಗ್ಗೆ ಎರಡು ಮಾತು. ಮುಂದಿನ ಪುಲ್ಲಿಯ ಮೇಲೆ ಒಂದು ಸಣ್ಣ ಆಯಸ್ಕಾಂತ, ಅದರ ಎದುರು ಕೆಲವೇ ಮಿ.ಮೀ. ದೂರದಲ್ಲಿ ಒಂದು ಸೆನ್ಸರ್ ಇರುತ್ತದೆ. ಕೆಲವು ಮಷೀನುಗಳಲ್ಲಿ ಇದು ಮೋಟಾರಿನ ಹತ್ತಿರ ಇರುತ್ತದೆ. ಆಯಸ್ಕಾಂತ ಎದುರು ಬಂದಾಗೊಮ್ಮೆ ಬೋರ್ಡಿಗೆ ಒಂದು ಸುದ್ದಿ ಹೋಗುತ್ತದೆ, ಒಂದು ಸುತ್ತಾಯಿತು ಅಂತ. ಸುದ್ದಿ ನಡುನಡುವೆ ತಪ್ಪಿದರೆ ಬೋರ್ಡು ಪಟ್ಟಾ ನಿಧಾನವಾಯಿತು ಅಂದುಕೊಂಡು ಕರೆಂಟ್ ಜಾಸ್ತಿ ಕೊಡುತ್ತದೆ, ಸುದ್ದಿ ಸಿಕ್ಕಾಗ ಗಾಬರಿಯಾಗಿ ಕಡಿಮೆ ಮಾಡುತ್ತದೆ. ನಡೆಯುವವರಿಗೆ ಇದು ನೂಕಿ ಹಿಡಿದಂತೆ ಅನ್ನಿಸುತ್ತದೆ. ಸುದ್ದಿ ಪೂರ್ತಿ ನಿಂತರೆ ಮಷೀನು ಕೆಲ ಸೆಕೆಂಡಿನಲ್ಲಿ ನಿಂತು ಡಿಸ್‌ಪ್ಲೇ ಮೇಲೆ ಒಂದು ಕೋಡ್ ತೋರಿಸುತ್ತದೆ. ಕೋಡ್ ಕಂಪನಿಗೊಂದು ತರ, ಪುಸ್ತಕದಲ್ಲೇ ನೋಡಬೇಕು. ಪ್ಲಗ್ ಕಿತ್ತು ಸೆನ್ಸರ್‌ನ ಧೂಳು ಪೇಂಟ್ ಬ್ರಷ್‌ನಿಂದ ಒರೆಸಿ, ಅದರ ಸ್ಕ್ರೂ ಸಡಿಲವಾಗಿದೆಯಾ ನೋಡುವುದು ನಮ್ಮಿಂದ ಆಗುವ ಕೆಲಸ. ಹಾಗೇ ದಾರದ ತುದಿ ಅಂಗಿಗೆ ಸಿಕ್ಕಿಸಿಕೊಳ್ಳುವ ಕೆಂಪು ಸೇಫ್ಟಿ ಕೀ ಮಷೀನಿನಲ್ಲಿ ಸರಿ ಕೂತಿದೆಯಾ, ಕಂಬದೊಳಗೆ ಹೋಗುವ ವೈರ್ ಎಲ್ಲಾದರೂ ತಿಕ್ಕಿ ಸುಲಿದಿದೆಯಾ ನೋಡಿ. ಮಷೀನನ್ನು ಮಡಚಿ ಬಿಡಿಸುವವರ ಮನೆಯಲ್ಲಿ ಈ ವೈರ್ ಬೇಗ ಸುಲಿಯುತ್ತದೆ.

ಮನೆಯ ಅನೇಕ ಮಷೀನುಗಳ ಮೋಟಾರಿನೊಳಗೆ ಕಾರ್ಬನ್ ಬ್ರಷ್ ಅಂತ ಎರಡು ಕರಿ ತುಂಡು ಇರುತ್ತವೆ. ಮಿಕ್ಸರ್ ರಿಪೇರಿಯವರು 'ಕಾರ್ಬನ್ ಹೋಗ್ಯಾದ' ಅಂತಾರಲ್ಲ, ಅದೇ. ತೇಯ್ದು ಗಿಡ್ಡವಾದರೆ, ಸ್ಪ್ರಿಂಗ್ ಸಿಕ್ಕಿಕೊಂಡರೆ, ಕರೆಂಟ್ ತಾಗಿ ತಪ್ಪಿ ಆಗುತ್ತದೆ, ಒಳಗೆ ಕಿಡಿ ಕಾಣುತ್ತದೆ, ಮೋಟಾರ್ ಸುತ್ತ ಕರಿ ಪುಡಿ ಬೀಳುತ್ತದೆ. ಕರಿ ಪುಡಿ ಸಣ್ಣ ಪಟ್ಟಾದ ಉದ್ದಕ್ಕೂ ಬಿದ್ದಿದ್ದರೆ ಮಾತ್ರ ಅದು ರಬ್ಬರಿನದು, ಜಾರುತ್ತಿರುವ ಗುರುತು. ಸಣ್ಣ ಪಟ್ಟಾ ಬಿಗಿ ಮಾಡಲು ಮೋಟಾರ್ ಕೂತಿರುವ ಬೋಲ್ಟ್ ಸಡಿಲಿಸಿ ಮೋಟಾರನ್ನೇ ಸರಿಸಬೇಕು. ಹೊಳಪು ಬಂದು ಗಟ್ಟಿಯಾದ ಪಟ್ಟಾ ಬಿಗಿ ಮಾಡಿ ಪ್ರಯೋಜನ ಇಲ್ಲ, ಹೊಸದು ಹಾಕುವುದೇ ಸರಿ.

ಬೋರ್ಡ್ ಕೊನೆಗೆ. ಅನೇಕರು ಮೊದಲಿಗೇ ಬೋರ್ಡ್ ಬದಲಿಸುತ್ತಾರೆ. ಒಣ ಹಲಗೆ ಹಾಗೇ ಬಿಟ್ಟು ಹೊಸ ಬೋರ್ಡ್ ಹಾಕಿದರೆ ಕೆಲವು ತಿಂಗಳಿಗೆ ಅದೂ ಸುಡುತ್ತದೆ. ಹಲ್ಲಿ ಹೊಕ್ಕು ಬೋರ್ಡ್ ಸುಟ್ಟದ್ದೂ ನಮ್ಮ ಪರಿಚಯದವರ ಮನೆಯಲ್ಲಿ ಆಗಿದೆ, ಅದಕ್ಕೆ ಯಾರೇನು ಮಾಡೋಣ.

ನಮ್ಮ ಕಡೆಯ ಮನೆಗಳಿಗೇ ಸೇರಿದ ಒಂದು ಕಾರಣ ಹೇಳಲೇಬೇಕು: ಶಹಾಬಾದ್ ಕಲ್ಲಿನ ನೆಲ. ಹಳೇ ಮನೆಗಳಲ್ಲಿ ಈ ಪರ್ಸಿ ಕಲ್ಲುಗಳು ಒಂದಕ್ಕೊಂದು ಸಮ ಇರುವುದಿಲ್ಲ. ಟ್ರೆಡ್‌ಮಿಲ್‌ನ ನಾಲ್ಕು ಕಾಲಲ್ಲಿ ಒಂದು ಗಾಳಿಯಲ್ಲಿರುತ್ತದೆ. ಮಷೀನಿನ ಮೈ ಒಂದಿಷ್ಟು ತಿರುಚಿಕೊಳ್ಳುತ್ತದೆ, ಪಟ್ಟಾ ಒಂದು ಪಕ್ಕಕ್ಕೆ ಸರಿದು ಅಂಚಿಗೆ ತಿಕ್ಕುತ್ತದೆ, ಆಗ ಮತ್ತೆ ಭಾರ, ಮತ್ತೆ ಜರ್ಕ್. ಮೊದಲು ಕಾಲಿನ ಕೆಳಗೆ ರಬ್ಬರ್ ಶೀಟ್ ತುಂಡು ಕೊಟ್ಟು ಸಮ ಮಾಡಿ. ಆಮೇಲೂ ಪಟ್ಟಾ ಎಡಕ್ಕೆ ಹೋಗುತ್ತಿದ್ದರೆ ಎಡಗಡೆ ಬೋಲ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು, ಬಲಕ್ಕೆ ಹೋಗುತ್ತಿದ್ದರೆ ಬಲಗಡೆಯದನ್ನು. ತಿರುವಿ, ಒಂದೆರಡು ನಿಮಿಷ ಖಾಲಿ ಓಡಿಸಿ, ಆಮೇಲೆ ಮುಂದಿನ ಕಾಲು ಸುತ್ತು. ಒಂದು ಸುತ್ತು, ಎರಡು ಸುತ್ತು ಅಲ್ಲ. ಜಾರುತ್ತಿದೆ ಅಂತ ಖಾತ್ರಿಯಾಗಿ ಬಿಗಿ ಮಾಡುವಾಗಲೂ ಎರಡೂ ಕಡೆ ಕಾಲು ಕಾಲು ಸುತ್ತೇ.

ಇನ್ನೊಂದು ರೂಢಿ ಬಿಡಬೇಕು. ಪಟ್ಟಾ ಮೇಲೆ ನಿಂತುಕೊಂಡೇ ಸ್ಟಾರ್ಟ್ ಒತ್ತುವುದು. ನಿಂತ ಗಾಡಿ ನೂಕುವುದು ಓಡುವ ಗಾಡಿ ನೂಕುವುದಕ್ಕಿಂತ ಕಷ್ಟ ಅಲ್ವಾ? ಪಕ್ಕದ ಪ್ಲಾಸ್ಟಿಕ್ ಅಂಚಿನ ಮೇಲೆ ನಿಂತು, ಪಟ್ಟಾ ಓಡಲು ಶುರುವಾದ ಮೇಲೆ ಹತ್ತಿದರೆ ಶುರುವಿನ ಜರ್ಕ್ ಅರ್ಧ ಅಲ್ಲೇ ಹೋಗುತ್ತದೆ.

ಇಷ್ಟು ನೋಡಿಯೂ ಹೋಗದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಆದರೆ "ಟ್ರೆಡ್‌ಮಿಲ್ ಕೆಟ್ಟದ" ಅಂತ ಹೇಳಬೇಡಿ. ಖಾಲಿ ಓಡುವಾಗ ಬರುತ್ತದೋ ಇಲ್ಲವೋ, ಎಷ್ಟು ಸೆಕೆಂಡಿಗೊಮ್ಮೆ, ಮೋಟಾರಿನ ದನಿ ಇಳಿಯುತ್ತದೋ ಇಲ್ಲವೋ, ಏರು ಮಾಡಿದಾಗ ಏನಾಗುತ್ತದೆ, ಕೊನೆಯ ಸಲ ಎಣ್ಣೆ ಹಾಕಿದ್ದು ಯಾವಾಗ, ಇಷ್ಟು ಹೇಳಿ. ಬರುವಾಗಲೇ ಬೇಕಾದ ಸಾಮಾನು ತರುತ್ತಾನೆ, ಎರಡು ಸಲ ಬರುವ ಚಾರ್ಜ್ ಉಳಿಯುತ್ತದೆ.

ಕೊನೆಯ ಸಲ ಎಣ್ಣೆ ಹಾಕಿದ್ದು ಯಾವಾಗ ಅನ್ನುವುದಕ್ಕೆ ಆವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ಹಾಕಿರಲಿಲ್ಲ, ಬಾಟಲಿ ಸೀಲ್ ಒಡೆಯದೆ ಡಬ್ಬದಲ್ಲೇ ಇತ್ತು. ಈಗ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ, ಸಿಲಿಂಡರ್ ಬುಕ್ ಮಾಡಿದ ತಾರೀಕಿನ ಪಕ್ಕ, ಹೆಂಡತಿಯ ಅಕ್ಷರದಲ್ಲಿ 'ಪಟ್ಟಾ ಎಣ್ಣಿ' ಅಂತ ಬರೆದಿರುತ್ತದೆ. ಎಲ್-ಕೀ ಮಾತ್ರ ಇನ್ನೂ ಕಾಕಾನ ಮನೆಯಲ್ಲೇ ಇದೆ. ಎರಡು ಸಲ ಕೇಳಿದೆ, ಕೊಟ್ಟಿಲ್ಲ.